ಹೊಸ ಟ್ಯಾಂಕಿಗೆ ಮೀನು ಬಿಡೋ ಮುಂಚೆ

ನೀರು ತಿಳಿಯಾಗಿದೆ ಅಂತ ಮೊದಲ ದಿನವೇ ಮೀನು ಬಿಡಬೇಡಿ. ಮೀನಿನ ಗಲೀಜು, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿವರೆಗೆ ಚಿಟಿಕೆ ಆಹಾರ ಹಾಕುತ್ತಾ ಮೀನಿಲ್ಲದೆಯೇ ನೀರು ತುಂಬಿದ ಟ್ಯಾಂಕಿನಲ್ಲಿ ಫಿಲ್ಟರ್ ಓಡಿಸಿ. ನೀರು ಪರೀಕ್ಷಿಸೋ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು ನೈಟ್ರೇಟ್ ಕಾಣಿಸಿದರೆ ಸರಿ.

ಆಮೇಲೂ ಮೀನನ್ನು ಸ್ವಲ್ಪ ಸ್ವಲ್ಪವೇ ತನ್ನಿ. ನಿಯಾನ್ ಟೆಟ್ರಾ (ಗುಂಪಲ್ಲಿ ಇರೋ ಪುಟ್ಟ ಮೀನು) ತಂದರೆ ಕನಿಷ್ಠ 6 ಇರಲಿ. ಒಂಟಿಯಾದರೆ ಪಾಪ, ಬಣ್ಣ ಮಾಸಿ ಗಿಡದ ಹಿಂದೆಯೇ ಅಡಗಿರುತ್ತದೆ. ಜೊತೆಗೆ ಏಂಜೆಲ್ ಮೀನು ಬೇಡ, ದೊಡ್ಡದಾದರೆ ನಿಯಾನನ್ನೇ ನುಂಗಿಬಿಡುತ್ತದೆ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಫಿಲ್ಟರ್ ಸ್ಪಾಂಜನ್ನು ಮಾತ್ರ ನಲ್ಲಿ ನೀರಲ್ಲಿ ತೊಳೆಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಮೆಲ್ಲಗೆ ಹಿಂಡಿದರೆ ಸಾಕು.