ಕಂತಿನ ಚಿಂತೆಯ ನಡುವೆ ಓಟು ಹಾಕಿದ ದಿನ

2024ರ ಏಪ್ರಿಲ್ 26, ಶುಕ್ರವಾರ. ಲೋಕಸಭೆಗೆ ಬೆಂಗಳೂರು ಓಟು ಹಾಕಿದ ದಿನ. ನನ್ನ ಆಟೋ ಸಾಲದ ಕಂತಿಗೆ ಇನ್ನು ಒಂಬತ್ತೇ ದಿನ ಇತ್ತು. ಕಂತು 7,800 ರೂಪಾಯಿ, ಡಬ್ಬಿಯಲ್ಲಿದ್ದದ್ದು 5,800. ಅದಾದ ಮೇಲೆ ಬಾಡಿಗೆ, ಆಮೇಲೆ ಮಗಳ ಶಾಲೆ ಫೀಸು. ರಾತ್ರಿ ಕಣ್ಣು ಮುಚ್ಚಿದರೂ ಕೂಡೋದು ಕಳೆಯೋದೇ ತಲೆಯಲ್ಲಿ ಓಡುತ್ತಿತ್ತು.

ಬಾಡಿಗೆ ಹೊರೆಯಾಯಿತೆಂದೇ ನಾವು ಶ್ರೀನಗರ ಬಿಟ್ಟು ಸುಂಕದಕಟ್ಟೆಗೆ ಬಂದಿದ್ದೆವು. ಓಟು ಮಾತ್ರ ಶ್ರೀನಗರದಲ್ಲೇ ಉಳಿದಿತ್ತು. ನಮೂನೆ 8 ತುಂಬಿ ಕೊಟ್ಟಿದ್ದರೆ ಹೊಸ ವಿಳಾಸಕ್ಕೆ ಹೆಸರು ಬರುತ್ತಿತ್ತು. ಸಾಲವಿರುವ ಮನೆಯಲ್ಲಿ ದುಡ್ಡು ಹುಟ್ಟದ ಕೆಲಸಗಳೆಲ್ಲ ಹಿಂದಕ್ಕೆ ಬೀಳುತ್ತವೆ, ಇದೂ ಬಿತ್ತು. ಪಟ್ಟಿಯಲ್ಲಿ ಇಬ್ಬರ ಹೆಸರೂ ಇದೆಯೋ ಇಲ್ಲವೋ ಎಂದು ಎರಡು ವಾರ ಮೊದಲೇ ಮೊಬೈಲಿನಲ್ಲಿ ನೋಡಿ, ಭಾಗದ ಸಂಖ್ಯೆ, ಕ್ರಮಸಂಖ್ಯೆ ಎರಡನ್ನೂ ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಅಷ್ಟು ಮಾಡಿದ್ದಕ್ಕೇ ಆ ದಿನ ಅಲೆದಾಟ ತಪ್ಪಿತು.

ನನ್ನ ಹೆಂಡತಿ ಒಂದು ಸಣ್ಣ ಹೊಲಿಗೆ ಘಟಕದಲ್ಲಿ ದಿನಗೂಲಿಗೆ ಕೆಲಸ ಮಾಡುತ್ತಾಳೆ. "ಶುಕ್ರವಾರ ಬರದಿದ್ದರೆ ಕೂಲಿ ಇಲ್ಲ" ಅಂದಿದ್ದರು ಅಲ್ಲಿ. ಈ ವಿಷಯ ಎಲ್ಲರಿಗೂ ಗೊತ್ತಿರಬೇಕು ಅಂತಲೇ ಇಲ್ಲಿ ಬರೆಯುತ್ತಿದ್ದೇನೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ ಕೊಡಲೇಬೇಕು. ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ, ಕೂಲಿ ಹಿಡಿಯುವಂತಿಲ್ಲ. ತಪ್ಪಿದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ ಮಾತ್ರ, ಅದು ತೀರಾ ಕಡಿಮೆಯಾಯಿತು ಎನ್ನುವುದು ನನ್ನ ಅಭಿಪ್ರಾಯ. ಆದರೂ ಕಲಮಿನ ನಂಬರು ಹೇಳಿ ಕೇಳುವುದಕ್ಕೂ ಬರಿಗೈಲಿ ಬೇಡುವುದಕ್ಕೂ ವ್ಯತ್ಯಾಸವಿದೆ. ಅವಳು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿದಳು. "ನೋಡೋಣ" ಅಂದರಂತೆ. ಜೊತೆಯ ಮೂವರು ಹೆಂಗಸರೂ ಅವಳ ಪಕ್ಕದಲ್ಲಿ ನಿಂತಿದ್ದರಂತೆ.

ಆಟೋದವನಿಗೆ ಸಂಬಳ ಕೊಡುವ ಯಜಮಾನನಿಲ್ಲ. ಚಕ್ರ ತಿರುಗಿದರೆ ಕಾಸು. ಆಫೀಸುಗಳಿಗೆ ರಜೆ ಇದ್ದರೆ ಗಿರಾಕಿಯೂ ಕಡಿಮೆ.

ಗುರುವಾರ ಸಂಜೆ ಬೀದಿಯ ಪರಿಚಯದವನೊಬ್ಬ ಬಂದ. ಓಟಿಗೆ ಸಾವಿರ, ಮನೆಯಲ್ಲಿ ಎರಡು ಓಟು. ಡಬ್ಬಿಗೂ ಕಂತಿಗೂ ನಡುವೆ ಇದ್ದದ್ದು ಅದೇ ಎರಡು ಸಾವಿರ. ಅವನ ಕೈ ನೋಡುತ್ತಾ ನಾನು ಸುಮ್ಮನೆ ನಿಂತೆ, ಬೇಡ ಅನ್ನಲು ಬಾಯಿ ಬರಲಿಲ್ಲ. ಒಳಗಿನಿಂದ ಹೆಂಡತಿ ಬಂದು, "ನಾಳೆ ಬೆಳಿಗ್ಗೆ ನಾನು ಯಾರಿಗೂ ಹೆದರದೆ ಒತ್ತಬೇಕು, ತಗೊಂಡು ಹೋಗಣ್ಣ" ಅಂದಳು. ಅವನು ಹೋದ. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದಿತ್ತು. ದಿನಾ ಮುಖ ನೋಡುವವನು ಎಂದು ಕೊಡಲಿಲ್ಲ. ಕೊಡಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಐದಕ್ಕೇ ಎದ್ದೆವು. ಮಾಗಡಿ ರಸ್ತೆ ಖಾಲಿ. ಕಾಮಾಕ್ಷಿಪಾಳ್ಯ, ವಿಜಯನಗರ ದಾಟಿ ಆರೂವರೆಗೆ ಶ್ರೀನಗರ. ಆ ಏಪ್ರಿಲಿನ ಬಿಸಿಲು ಬಲ್ಲವರು ಬಲ್ಲರು, ತಂಪಿರುವಾಗಲೇ ಮುಗಿಸಿದರೆ ಇಡೀ ದಿನ ದುಡಿಮೆಗೆ ಸಿಗುತ್ತದೆ ಎಂಬುದು ನನ್ನ ಲೆಕ್ಕ. ಮತಗಟ್ಟೆಯಿದ್ದ ಶಾಲೆಯಿಂದ ದೂರದಲ್ಲೇ ಆಟೋ ನಿಲ್ಲಿಸಿದೆ. ಮೊಬೈಲು ಒಳಗೆ ಒಯ್ಯುವಂತಿಲ್ಲವಲ್ಲ, ಅದಕ್ಕೆ ಮೊದಲು ಅವಳು ಹೋದಳು, ನಾನು ಮಗಳನ್ನೂ ಎರಡು ಮೊಬೈಲನ್ನೂ ಹಿಡಿದು ನಿಂತೆ. ಅವಳು ಬಂದ ಮೇಲೆ ನಾನು ಸಾಲಿಗೆ ಸೇರಿದೆ.

ಸಾಲಿನಲ್ಲಿ ನನ್ನ ಮುಂದಿದ್ದವರದ್ದು ನಾವು ಬಾಡಿಗೆ ಕಟ್ಟಲಾಗದೆ ಬಿಟ್ಟ ಬೀದಿಯಲ್ಲೇ ಸ್ವಂತ ಮನೆ. ನನ್ನನ್ನು ನೋಡಿ, "ಇನ್ನೂ ಇಲ್ಲೇ ಇದ್ದೀರಾ?" ಅಂತ ಕೇಳಿದರು. "ಓಟು ಇಲ್ಲೇ ಇದೆ ಸಾರ್" ಅಂದೆ. ಒಳಗೆ ಅಧಿಕಾರಿ ನನ್ನ ಹೆಸರನ್ನು ಜೋರಾಗಿ ಓದಿದರು. ಸಾಲ ಕೊಟ್ಟವರ ಫೋನಿನಲ್ಲಿ ಬಿಟ್ಟರೆ ನನ್ನ ಪೂರ್ತಿ ಹೆಸರು ಕೇಳಿ ತಿಂಗಳುಗಳೇ ಆಗಿದ್ದವು. ಆಧಾರ್ ತೋರಿಸಿದೆ, ಸಹಿ ಹಾಕಿದೆ, ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿದರು. 1962ರಿಂದ ದೇಶದ ಚುನಾವಣೆಗಳಿಗೆಲ್ಲ ಆ ಶಾಯಿ ಹೋಗುವುದು ನಮ್ಮ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯಿಂದ, ಅದು ನನಗೆ ಹೆಮ್ಮೆ. ಗುಂಡಿ ಒತ್ತಿದೆ. ಓಟು ಯಾರಿಗೆ ಬಿತ್ತೆಂದು ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಆ ಚೀಟಿ ಏಳು ಸೆಕೆಂಡು ನಿಂತಿತು. ಅಷ್ಟು ಹೊತ್ತು ತಲೆಯಲ್ಲಿ ಕಂತು ಇರಲಿಲ್ಲ. ಗ್ಯಾಸಿನ ದರ, ಶಾಲೆಯ ಫೀಸು, ಬಾಡಿಗೆ, ಇವನ್ನೆಲ್ಲ ಯಾರಿಗೆ ಕೇಳಬೇಕೋ ಅವರಿಗೇ ಕೇಳಿದೆ ಎಂಬ ಭಾವನೆ ಇತ್ತು.

ಏಳೂಮುಕ್ಕಾಲಿಗೆ ಹೊರಗೆ ಬಂದೆ. ಅವರಿಬ್ಬರನ್ನೂ ಸುಂಕದಕಟ್ಟೆಗೆ ಬಿಟ್ಟು ಮೀಟರ್ ಹಾಕಿದೆ. ಮೊದಲ ಗಿರಾಕಿ ಮೆಜೆಸ್ಟಿಕ್‌ಗೆ. ರಾತ್ರಿ ಲೆಕ್ಕ ಹಾಕಿದಾಗ ಗ್ಯಾಸ್ ಕಳೆದು 640 ರೂಪಾಯಿ ಉಳಿದಿತ್ತು. ತಿಂಗಳ ಕೊನೆಗೆ ಅವಳ ಕೈಗೆ ಬಂದ ದುಡ್ಡಿನಲ್ಲಿ ಆ ಶುಕ್ರವಾರದ ಕೂಲಿಯೂ ಸೇರಿತ್ತು. ಕಂತನ್ನು ಐದನೇ ತಾರೀಕಿನ ಬದಲು ಏಳಕ್ಕೆ ಕಟ್ಟಿದೆ, ದಂಡವನ್ನೂ ಸೇರಿಸಿ. ಆಗಲೂ ಬೆರಳಿನ ಗುರುತು ಹೋಗಿರಲಿಲ್ಲ.