ಊಟ ಮಾಡುವ ಕೈಗೇ ಚುಚ್ಚಬೇಕಾ?

ಜಗಳೂರು ಕಡೆಯ ಒಬ್ಬ ಅಜ್ಜ. ಬೆಳಿಗ್ಗೆ ಬಲಗೈ ಮಣಿಕಟ್ಟಿನಿಂದ ಹೃದಯದ ಆಂಜಿಯೋಗ್ರಾಂ ಮಾಡಿ, ಅದೇ ದಾರಿಯಲ್ಲಿ ಒಂದು ಸ್ಟೆಂಟ್ (ಕಟ್ಟಿದ ನಾಳವನ್ನು ತೆರೆದಿಡುವ ಜಾಲರಿ) ಹಾಕಿ ವಾರ್ಡಿಗೆ ಕಳಿಸಿದ್ದೆ. ಒಂದೇ ಸಲಕ್ಕೆ ರಕ್ತನಾಳ ಸಿಕ್ಕಿತ್ತು, ಕೆಲಸ ಬೇಗ ಮುಗಿದಿತ್ತು, ನನಗೂ ಒಳಗೊಳಗೇ ಖುಷಿ. ಸಂಜೆ ನಾಲ್ಕಕ್ಕೆ ವಾರ್ಡಿನಿಂದ ಫೋನ್: ಪೇಷಂಟ್ ಬೆವರುತ್ತಿದ್ದಾರೆ, ಮಾತು ತಡವರಿಸುತ್ತಿದೆ. ಸ್ಟೆಂಟ್ ಮುಚ್ಚಿಕೊಂಡಿತು ಅಂದುಕೊಂಡೇ ಓಡಿದೆ. ಇಸಿಜಿ ಸರಿಯಾಗಿತ್ತು. ಶುಗರ್ ನೋಡಿದರೆ 52. ಅಜ್ಜ ಶುಗರ್ ಮಾತ್ರೆ ನುಂಗಿದ್ದರು, ಊಟ ಮಾಡಿರಲಿಲ್ಲ.

ಯಾಕೆ ಅಂತ ಕೇಳಿದರೆ, ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲಲಿ ಅಂತ ಬಲಗೈಗೆ ಗಾಳಿ ತುಂಬಿದ ಬ್ಯಾಂಡ್ ಕಟ್ಟಿದ್ದೆವಲ್ಲ, ಕೈ ಮಡಚಬೇಡಿ ಅಂತ ನಾವೇ ಹೇಳಿದ್ದೆವು. ಎಡಗೈಯಲ್ಲಿ ಅನ್ನ ಮುಟ್ಟುವ ಮಾತೇ ಇಲ್ಲ. ಸೊಸೆ ತುತ್ತು ಕೊಡಲು ಬಂದರೆ ಪಕ್ಕದ ಮಂಚದವರು ನೋಡುತ್ತಾರೆ ಅಂತ ನಾಚಿಕೆ. ಗ್ಲೂಕೋಸ್ ಕೊಟ್ಟೆವು, ಸರಿಹೋದರು. ಆಮೇಲೆ ಮೆಲ್ಲಗೆ ಕೇಳಿದರು, "ಸಾಹೇಬ್ರೇ, ಊಟ ಮಾಡೋ ಕೈಗೇ ಚುಚ್ಚಬೇಕಿತ್ತಾ? ಇನ್ನೊಂದು ಸುಮ್ನೆ ಇತ್ತಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಬಲಗೈ ತೆಗೆದುಕೊಂಡದ್ದು ನನ್ನ ಸೊಂಟಕ್ಕಾಗಿ. ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲಿ, ಡಾಕ್ಟರ್ ನಿಲ್ಲುವುದು ಪೇಷಂಟಿನ ಬಲಕ್ಕೆ. ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಹೊತ್ತುಕೊಂಡು, ಹೊಟ್ಟೆಯ ಮೇಲಿಂದ ಬಗ್ಗಿ ಎಡಗೈ ಹಿಡಿಯುವುದು ದಿನಕ್ಕೆ ಎಂಟು ಕೇಸಿಗೆ ಆಗುವ ಮಾತಲ್ಲ. ಬಲಗೈ ಆದರೆ ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಇರುತ್ತದೆ. ಅಷ್ಟೇ ಕಾರಣ.

ಮಣಿಕಟ್ಟೇ ಯಾಕೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. 1989ರಲ್ಲಿ ಮಾಂಟ್ರಿಯಲ್‌ನ ಡಾಕ್ಟರ್ ಲೂಸಿಯನ್ ಕ್ಯಾಂಪೋ ನೂರು ಜನರಿಗೆ ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿದ್ದನ್ನು ಬರೆದರು, ಕೆಲವೇ ವರ್ಷಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕೀಮೆನೈ ಅದೇ ದಾರಿಯಲ್ಲಿ ಸ್ಟೆಂಟ್ ಹಾಕಿದರು. 2015ರಲ್ಲಿ ಬಂದ ಮ್ಯಾಟ್ರಿಕ್ಸ್ ಅಧ್ಯಯನದಲ್ಲಿ 8404 ಜನ ಇದ್ದರು. ಹಾರ್ಟ್ ಅಟ್ಯಾಕ್ ಆಗಿ ಬಂದವರಲ್ಲಿ ತೊಡೆಸಂದಿಗಿಂತ ಮಣಿಕಟ್ಟಿನ ದಾರಿಯಲ್ಲಿ ರಕ್ತಸ್ರಾವವೂ ಕಮ್ಮಿ, ಸಾವೂ ಕಮ್ಮಿ. ನನಗೆ ಅಂಕಿಗಿಂತ ಜಾಸ್ತಿ ನೆನಪಿರುವುದು ತೊಡೆಯ ಮೇಲೆ ಮರಳಿನ ಚೀಲ ಇಟ್ಟುಕೊಂಡು ಕಾಲು ಅಲ್ಲಾಡಿಸದೆ ಗಂಟೆಗಟ್ಟಲೆ ಮಲಗಿ, ಪ್ರಾಸ್ಟೇಟ್ ದೊಡ್ಡದಾಗಿ, ಮಲಗಿದಲ್ಲೇ ಉಚ್ಚೆ ಬಾರದೆ ಒದ್ದಾಡುತ್ತಿದ್ದ ಯಜಮಾನರುಗಳು. ಮಣಿಕಟ್ಟಿನವರು ಎದ್ದು ನಡೆದುಕೊಂಡೇ ಬಾತ್‌ರೂಮಿಗೆ ಹೋಗುತ್ತಾರೆ.

ಆದರೆ ಯಾವ ಮಣಿಕಟ್ಟು? ಅಜ್ಜನ ಪ್ರಶ್ನೆಯ ನಂತರ ನಾನು ಎಡಗೈ ಕಡೆ ವಾಲಿದ್ದೇನೆ. ಈಗ ಹಿಂದಿನ ದಿನವೇ ಮಂಚದ ಹತ್ತಿರ ಹೋಗಿ ಕೇಳುತ್ತೇನೆ. ಏನು ಕೆಲಸ, ಯಾವ ಕೈ ಬಳಕೆ, ಎಡಚರಾ? ಚನ್ನಗಿರಿ ಕಡೆಯಿಂದ ಬಂದ ಹೆಂಗಸರಾದರೆ ಅಡಿಕೆ ಸುಲಿಯಲು ಹೋಗುತ್ತೀರಾ, ಕೊಯ್ಲು ಯಾವಾಗ ಶುರು? ಎಡಗೈ ಅಂತ ತಕ್ಷಣ ಒಪ್ಪಿಕೊಂಡವರೂ ರಾತ್ರಿ ಯೋಚನೆ ಮಾಡಿ ಬೆಳಿಗ್ಗೆ ನರ್ಸ್ ಕಿವಿಯಲ್ಲಿ ಹೇಳುತ್ತಾರೆ, "ಸಿಸ್ಟರ್, ಹೊರಗೆ ಹೋದಾಗ ತೊಳೆಯೋದು ಹೆಂಗೆ?" ನಗಬೇಡಿ, ಇದು ದೊಡ್ಡ ಪ್ರಶ್ನೆಯೇ. ಬ್ಯಾಂಡ್ ಇರುವುದು ಮೂರ್ನಾಲ್ಕು ಗಂಟೆ, ಅಷ್ಟರೊಳಗಿನದ್ದನ್ನು ಬೆಳಿಗ್ಗೆಯೇ ಮುಗಿಸಿಕೊಂಡು ಬನ್ನಿ ಅಂತ ಹೇಳುತ್ತೇವೆ. ಬಳೆಯದ್ದೂ ಹಾಗೆಯೇ. ಎಡಗೈ ಬಳೆ ಸೋಪು ಹಚ್ಚಿ ತೆಗೆದರೂ ಬಲಗೈಯಲ್ಲಿ ಹಸಿರು ಬಳೆ ಉಳಿಯುತ್ತದೆ ಅಂದರೆ ಅಮ್ಮಂದಿರ ಮುಖ ಸ್ವಲ್ಪ ಸಡಿಲವಾಗುತ್ತದೆ. ಕೈಯಲ್ಲಿ ದೇವರ ದಾರ ಇದ್ದರೆ ಕತ್ತರಿ ಹಾಕುವ ಮುಂಚೆ ಕೇಳುವುದನ್ನು ನಾನು ನರ್ಸ್‌ಗಳಿಂದಲೇ ಕಲಿತೆ.

ಕೆಲವು ಸಲ ಕೇಳುವ ಪ್ರಶ್ನೆಯೇ ಇರುವುದಿಲ್ಲ. ಬೈಪಾಸ್ ಆದವರಿಗೆ ಎದೆಯ ಎಡಗಡೆಯ ನಾಳವನ್ನೇ ಹೃದಯಕ್ಕೆ ಜೋಡಿಸಿರುತ್ತಾರೆ. ಅದು ಹುಟ್ಟುವುದು ಎಡಗೈಗೆ ಹೋಗುವ ದೊಡ್ಡ ನಾಳದಿಂದ, ಹಾಗಾಗಿ ಎಡಗೈಯಿಂದ ಹೋದರೆ ನೇರ ಸಿಗುತ್ತದೆ. ಕುಳ್ಳಗಿನ, ವಯಸ್ಸಾದ, ಬಿಪಿ ಇರುವ ಅಜ್ಜಿಯರಲ್ಲಿ ಬಲಭುಜದ ಒಳಗಿನ ನಾಳ ಘಾಟಿ ರಸ್ತೆಯ ಹಾಗೆ ಸುತ್ತಿಕೊಂಡಿರುತ್ತದೆ. ಕ್ಯಾಥೆಟರ್ ಅನ್ನುವ ಸಣ್ಣ ಕೊಳವೆ ತಿರುಗಿಸಿದರೆ ತುದಿ ತಿರುಗುವುದೇ ಇಲ್ಲ, ದೀರ್ಘವಾಗಿ ಉಸಿರು ತಗೊಳ್ಳಿ ಅಜ್ಜಿ ಅಂದಾಗ ಒಂಚೂರು ನೆಟ್ಟಗಾಗುತ್ತದೆ. ಅವರಿಗೂ ಎಡಗೈ ವಾಸಿ.

ಕಿಡ್ನಿ ವೀಕ್ ಆದವರ ಕತೆ ಪೂರಾ ಉಲ್ಟಾ. ಮುಂದೆ ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳನ್ನು ಜೋಡಿಸಿ ಮಾಡುವ ದಾರಿ) ಮಾಡುವುದು ಸಾಮಾನ್ಯವಾಗಿ ಜಾಸ್ತಿ ಬಳಸದ ಕೈಯಲ್ಲಿ, ಅಂದರೆ ನಾನು ಇಷ್ಟಪಡುವ ಅದೇ ಎಡಗೈ. ಅಲ್ಲಿ ನಾಳ ಹಾಳು ಮಾಡಿದರೆ ಅವರ ಜೀವದ ಜೊತೆ ಆಡಿದ ಹಾಗೆ. ಕಿಡ್ನಿ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ಏರುತ್ತಾ ಹೋಗುತ್ತಿದ್ದರೆ ಎರಡೂ ಕೈ ಬಿಟ್ಟು, ಅಲ್ಟ್ರಾಸೌಂಡ್ ಇಟ್ಟುಕೊಂಡು ತೊಡೆಸಂದಿನಿಂದಲೇ ಹೋಗುತ್ತೇನೆ. ಹಾರ್ಟ್ ಅಟ್ಯಾಕ್ ಆಗಿ ಬಿಪಿ ಬಿದ್ದು, ನಾಡಿಯೇ ಸಿಗದ ಸ್ಥಿತಿಯಲ್ಲಿ ಬಂದವರಿಗೂ ಅಷ್ಟೇ, ಅಲ್ಲಿ ಮಣಿಕಟ್ಟಿನ ಹಠ ಹಿಡಿದರೆ ನಿಮಿಷ ಹೋಗುತ್ತದೆ.

ಕೈ ನಿರ್ಧಾರ ಆದ ಮೇಲೆ ನಾಳದ ಅಳತೆ. ಮಣಿಕಟ್ಟಿನ ನಾಳ ಎರಡರಿಂದ ಮೂರು ಮಿಲಿಮೀಟರ್ ದಪ್ಪ, ಹೆಂಗಸರಲ್ಲಿ ಇನ್ನೂ ಸಣ್ಣ. ನಾವು ಒಳಗೆ ಬಿಡುವ 6 ಫ್ರೆಂಚ್ ಶೀಥ್, ಅಂದರೆ ಕ್ಯಾಥೆಟರಿಗೆ ದಾರಿ ಮಾಡಿಕೊಡುವ ಹೊರಕೊಳವೆ, ಹೊರಗಿನಿಂದ ಎರಡೂವರೆ ಮಿಲಿಮೀಟರ್ ಆಸುಪಾಸು ಇರುತ್ತದೆ, ಯಾಕೆಂದರೆ 6 ಅನ್ನುವುದು ಅದರೊಳಗೆ ತೂರುವ ಕ್ಯಾಥೆಟರಿನ ಅಳತೆ (ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್), ಶೀಥಿನ ಗೋಡೆಯ ದಪ್ಪ ಬೇರೆ. ಎರಡು ಮಿಲಿಮೀಟರಿನ ನಾಳಕ್ಕೆ ಅದನ್ನು ನೂಕಿದರೆ ನಾಳ ಬಿಗಿದು ಹಿಡಿದುಕೊಳ್ಳುತ್ತದೆ. ಒಮ್ಮೆ ಒಬ್ಬ ಹೆಣ್ಣುಮಗಳಿಗೆ ಹೀಗೇ ಆಗಿ, ಶೀಥ್ ಹೊರಗೆ ಬರಲಿಲ್ಲ. ಎಳೆದಷ್ಟೂ ಬಿಗಿ, ಅವರು ಅಳುತ್ತಿದ್ದರು. ನಿದ್ದೆಗೆ ಔಷಧಿ ಕೊಟ್ಟು, ನಾಳ ಸಡಿಲಿಸುವ ನೈಟ್ರೋಗ್ಲಿಸರಿನ್ ಕೊಟ್ಟು, ಬಿಸಿ ಬಟ್ಟೆ ಸುತ್ತಿ ಕಾಯುತ್ತಾ ಕೂತೆವು. ಈಗ ಸೂಜಿಗಿಂತ ಮುಂಚೆ ಅಲ್ಟ್ರಾಸೌಂಡ್. ಸಣ್ಣ ಇದ್ದರೆ 5 ಫ್ರೆಂಚ್, ಇಲ್ಲವೇ ಇನ್ನೊಂದು ಕೈ. ಭಯಕ್ಕೂ ನಾಳ ಬಿಗಿಯುತ್ತದೆ, ಅದಕ್ಕೇ ಸೂಜಿ ಹಿಡಿದುಕೊಂಡು ಮೆಕ್ಕೆಜೋಳದ ರೇಟು ಕೇಳುತ್ತೇನೆ. ರೇಟಿನ ಬಗ್ಗೆ ಬೈಯಲು ಶುರು ಮಾಡಿದರೆ ಚುಚ್ಚಿದ್ದು ಗೊತ್ತಾಗುವುದಿಲ್ಲ.

ಇತ್ತೀಚೆಗೆ ನನಗೆ ತುಂಬಾ ಹಿಡಿಸಿದ ಜಾಗ ಹೆಬ್ಬೆರಳಿನ ಬುಡದ ಗುಳಿ. ಹೆಬ್ಬೆರಳು ನೆಟ್ಟಗೆ ಮೇಲೆತ್ತಿದರೆ ಎರಡು ಸ್ನಾಯುರಜ್ಜುಗಳ ಮಧ್ಯೆ ಒಂದು ತಗ್ಗು ಕಾಣುತ್ತದಲ್ಲ, ನಶ್ಯ ಹಾಕಿಕೊಂಡು ಏರಿಸುವ ಜಾಗ, ಹೆಸರೂ ಇಂಗ್ಲಿಷಿನಲ್ಲಿ ನಶ್ಯದ ಡಬ್ಬಿ ಅಂತಲೇ. ಅದೇ ಕೀಮೆನೈ 2017ರಲ್ಲಿ ಎಡಗೈಯ ಈ ಗುಳಿಯಿಂದ ಮಾಡಿದ 70 ಕೇಸುಗಳನ್ನು ಬರೆದರು. ಇದರಲ್ಲಿ ಎಡಗೈಯನ್ನು ಹೊಟ್ಟೆಯ ಮೇಲೆ ಅಡ್ಡ ಇಟ್ಟು, ಮೊಣಕೈ ಕೆಳಗೆ ದಿಂಬು ಕೊಟ್ಟರೆ ಕೈ ತಾನಾಗಿಯೇ ನನ್ನ ಕಡೆ ಬರುತ್ತದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳಿ ಅಂದರೆ ನಾಳ ಮೇಲಕ್ಕೆ ಎದ್ದು ನಿಲ್ಲುತ್ತದೆ. ಕೆಳಗೆ ಮೂಳೆ ಇರುವುದರಿಂದ ಆಮೇಲೆ ಒತ್ತುವುದೂ ಸಲೀಸು, ಮಣಿಕಟ್ಟು ಮಡಚಲು ಅಡ್ಡಿಯಿಲ್ಲ. ಕಷ್ಟವೂ ಇದೆ. ನಾಳ ಅಲ್ಲಿ ಇನ್ನೂ ಸಣ್ಣ, ಅಂಕುಡೊಂಕು. ಮೊದಮೊದಲು ನಾಲ್ಕರಲ್ಲಿ ಒಂದು ನನಗೆ ಸಿಗುತ್ತಲೇ ಇರಲಿಲ್ಲ, ಮುಜುಗರವಾಗಿ ಮತ್ತೆ ಮಣಿಕಟ್ಟಿಗೇ ಬರುತ್ತಿದ್ದೆ. ಈಗಲೂ ಮೂರು ಸಲ ಚುಚ್ಚಿ ಸಿಗದಿದ್ದರೆ ಜಾಗ ಬದಲಿಸುತ್ತೇನೆ.

ಎಲ್ಲಿಂದ ಹೋದರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುವುದನ್ನು ತಪ್ಪಿಸುವುದಿಲ್ಲ, ಬರೀ ಆಂಜಿಯೋಗ್ರಾಂ ಆದರೂ 5000 ಯೂನಿಟ್. ಇಲ್ಲದಿದ್ದರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅಂಗೈಗೆ ಕಿರುಬೆರಳಿನ ಕಡೆಯಿಂದ ಇನ್ನೊಂದು ನಾಳ ಇರುವುದರಿಂದ ಪೇಷಂಟಿಗೆ ಹೆಚ್ಚಾಗಿ ಗೊತ್ತೇ ಆಗುವುದಿಲ್ಲ, ಎರಡನೇ ಸಲ ಬಂದಾಗ ದಾರಿ ಬಂದ್ ಆಗಿರುತ್ತದೆ. ಬ್ಯಾಂಡನ್ನು ಸಿಕ್ಕಾಪಟ್ಟೆ ಬಿಗಿದರೂ ಇದೇ ಗತಿ. ರಕ್ತ ನಿಲ್ಲುವಷ್ಟು ಮಾತ್ರ ಗಾಳಿ ತುಂಬಬೇಕು. ಕಿರುಬೆರಳಿನ ಕಡೆಯ ನಾಳವನ್ನು ಒತ್ತಿ ಹಿಡಿದು, ಹೆಬ್ಬೆರಳಿಗೆ ಆಕ್ಸಿಮೀಟರ್ ಹಾಕಿ ಅಲೆ ಬರುತ್ತದಾ ಅಂತ ನೋಡುತ್ತೇವೆ. ಅಲೆ ಇಲ್ಲವಾದರೆ ಸ್ವಲ್ಪ ಗಾಳಿ ಕಮ್ಮಿ.

ಮನೆಗೆ ಹೊರಡುವಾಗ ನಾನೇ ನಾಡಿ ಹಿಡಿದು ನೋಡುತ್ತೇನೆ. ಭಾರ ಎತ್ತಬೇಡಿ, ಬೈಕ್ ಬೇಡ ಅಂತ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ. ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಫೋನ್ ಬರುತ್ತದೆ, "ಡಾಕ್ಟ್ರೇ, ಎಮ್ಮೆ ಕರೀಬಹುದಾ?" ಎಮ್ಮೆ ಕರೆಯಲು ಎರಡೂ ಕೈ ಬೇಕು ಅಲ್ವಾ. ಐದು ದಿನ ಮಗನ ಕೈಲಿ ಕರೆಸಿ ಅಂತೇನೋ ಹೇಳುತ್ತೇನೆ, ಅವನಿಗೆ ಒದೆಯುತ್ತದಂತೆ.