ಒಂದೆಲಗದ ಎಣ್ಣೆ: ಇಳಿಸುವ ಹೊತ್ತು ತಪ್ಪಿದರೆ ಎಲ್ಲ ತಪ್ಪಿತು

ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ಒಂದು ಬಾಟಲಿ ಹಿಡಿದುಕೊಂಡು ಬಂದಳು. ‘ಆಂಟಿ, ಇದಕ್ಕೇನಾಯ್ತು ನೋಡಿ’ ಅಂದಳು. ಮುಚ್ಚಳ ತೆಗೆದರೆ ಹುಳಿ ಬಂದ ಹಿಟ್ಟಿನ ವಾಸನೆ. ತಳದಲ್ಲಿ ಒಂದು ಬೆರಳಿನಷ್ಟು ಹಸಿರು ನೀರು, ಮೇಲೆ ಎಣ್ಣೆ, ಅಂಚಿನಲ್ಲಿ ಬಿಳಿ ಬೂಷ್ಟು. ಎಷ್ಟು ಹೊತ್ತು ಕಾಯಿಸಿದೆ ಅಂತ ಕೇಳಿದೆ. ‘20 ನಿಮಿಷ. ಹಸಿರು ಬಣ್ಣ ಬಂತಲ್ಲ ಆಂಟಿ!’

ರಾತ್ರಿ ನಿದ್ದೆ ಇಲ್ಲ, ತಲೆಯೆಲ್ಲ ಬಿಗಿದ ಹಾಗೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತೇನೆ ಅಂತ ಪಾಪ, ರಜೆಯ ದಿನ ಕೂತು ಮಾಡಿದ್ದಳು. ಹೀಗೆ ಎಣ್ಣೆ ಕೆಡಿಸಿಕೊಂಡವರು ನನಗೆ ಗೊತ್ತಿರುವವರಲ್ಲೇ ನಾಲ್ಕೈದು ಜನ. ಒಬ್ಬರದು ಬೂಷ್ಟು ಬರುತ್ತದೆ, ಇನ್ನೊಬ್ಬರದು ಸೀದು ಹೋಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಈ ಎಣ್ಣೆ ತಲೆಬುರುಡೆ ದಾಟಿ ಮಿದುಳಿಗೆ ಇಳಿಯುವುದಿಲ್ಲ. ಸೋತ ನರವನ್ನು ಚಿಗುರಿಸುವುದೂ ಇಲ್ಲ. ದಿನಾ ಅದೇ ಹೊತ್ತಿಗೆ ಹತ್ತು ನಿಮಿಷ ಕೂತು ನಿಧಾನವಾಗಿ ತಲೆ ತಿಕ್ಕಿಕೊಂಡರೆ ಕುತ್ತಿಗೆ, ಹಣೆ ಸಡಿಲವಾಗುತ್ತವೆ, ನಿದ್ದೆಗೆ ದಾರಿಯಾಗುತ್ತದೆ. ಅಷ್ಟಕ್ಕೆ ಒಳ್ಳೆಯ ಎಣ್ಣೆ ಬೇಕು.

ಸೊಪ್ಪು ತರುವಾಗಲೇ ಮೊದಲ ಎಡವಟ್ಟು. ಒಂದೆಲಗ, ಸರಸ್ವತಿ ಸೊಪ್ಪು, ತುಳುವಿನ ತಿಮರೆ ಎಲ್ಲ ಒಂದೇ. ನಮ್ಮಲ್ಲಿ ಇದನ್ನೇ ಬ್ರಾಹ್ಮಿ ಅನ್ನುತ್ತಾರೆ. ಆದರೆ ಕೇರಳದಲ್ಲಿ ಬ್ರಾಹ್ಮಿ ಅಂದರೆ ನೀರುಬ್ರಾಹ್ಮಿ, ಬೇರೆಯೇ ಗಿಡ. ಅದರ ಎಲೆ ಸಣ್ಣದು, ದಪ್ಪ, ಬಾಯಿಗಿಟ್ಟರೆ ಕಹಿ. ನೆನಪಿನ ಶಕ್ತಿಗೆ ಅಂತ ಸಣ್ಣ ಪ್ರಯೋಗಗಳು ಜಾಸ್ತಿ ನಡೆದಿರುವುದು ಆ ನೀರುಬ್ರಾಹ್ಮಿಯ ಮೇಲೆ. ಅಂಗಡಿಯ ಡಬ್ಬಿಯ ಮೇಲೆ ಬರೀ ‘ಬ್ರಾಹ್ಮಿ’ ಅಂತಿದ್ದರೆ ಒಳಗೆ ಯಾವುದಿದೆ ಅಂತ ಕೇಳಿ ತನ್ನಿ. ಒಂದೆಲಗದ ಒಂದು ತೊಟ್ಟಿಗೆ ಒಂದೇ ಎಲೆ. ತೊಟ್ಟು ಸೇರುವ ಕಡೆ ಎಲೆ ಸೀಳಿದ ಹಾಗಿರುತ್ತದೆ. ತೊಟ್ಟು ಎಲೆಯ ನಟ್ಟನಡುವೆ ಕೊಡೆಯ ಹಾಗೆ ಕೂತಿದ್ದರೆ ಅದು ಮೀನಿನ ತೊಟ್ಟಿಗೆ ಬೆಳೆಸುವ ಅಲಂಕಾರದ ಗಿಡ, ಬಿಡಿ. ಚರಂಡಿ ಪಕ್ಕ ಸೊಂಪಾಗಿ ಬೆಳೆದದ್ದನ್ನು ಕಿತ್ತು ತರಬೇಡಿ. ಸುಮ್ನೆ ಒಂದು ಕುಂಡದಲ್ಲಿ ಎರಡು ಬಳ್ಳಿ ನೆಟ್ಟು, ನೆರಳಲ್ಲಿಟ್ಟು, ನೀರು ಹಾಕಿ. ತಂಬುಳಿಗಾದರೂ ಆಗುತ್ತದೆ.

ಅಂಗಡಿ ಎಣ್ಣೆ ಸಾಕಲ್ವಾ ಅಂತ ಕೇಳುತ್ತೀರಿ. ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿ. ‘ಲಿಕ್ವಿಡ್ ಪ್ಯಾರಾಫಿನ್’ ಅಥವಾ ‘ಮಿನರಲ್ ಆಯಿಲ್’ ಅಂತ ಮೊದಲ ಸಾಲಲ್ಲೇ ಇದ್ದರೆ ಅದು ಪೆಟ್ರೋಲಿಯಂನಿಂದ ಬಂದದ್ದು, ಸೊಪ್ಪಿನದು ಹೆಸರು ಮಾತ್ರ. ಗಿಳಿಹಸಿರಾಗಿ ಹೊಳೆಯುತ್ತಿದ್ದರೂ ನಾನು ನಂಬುವುದಿಲ್ಲ. ಮನೆಯಲ್ಲಿ ಕಾಯಿಸಿದ್ದು ಮಂಕು ಹಸಿರು, ಪಾಚಿ ಬಣ್ಣ.

ಎರಡನೆಯದು ರಸ. ಬೇರು, ಬಳ್ಳಿ ಸಮೇತ ನಾಲ್ಕು ಸಲ ತೊಳೆದು, ಮಿಕ್ಸಿಗೆ ಹಾಕಿ, ಹಿಂಡಿ ಸೋಸಿ. ಆಯುರ್ವೇದದ ಲೆಕ್ಕದಲ್ಲಿ ಅರೆದ ಮುದ್ದೆ 1 ಪಾಲು, ಎಣ್ಣೆ 4 ಪಾಲು, ರಸ 16 ಪಾಲು. ಅಷ್ಟು ಸೊಪ್ಪು ಪೇಟೆಯಲ್ಲಿ ಎಲ್ಲಿ ಸಿಗಬೇಕು? ನಾನು ಅರ್ಧ ಲೀಟರ್ ಗಾಣದ ತೆಂಗಿನೆಣ್ಣೆಗೆ ಒಂದು ಲೀಟರ್ ರಸ ಹಾಕುತ್ತೇನೆ. ಜತೆಗೆ ನಿಂಬೆಗಾತ್ರದ ಎರಡು ಉಂಡೆ ಅರೆದ ಸೊಪ್ಪು, ಆರೇಳು ಕಾಳುಮೆಣಸು. ಎಳ್ಳೆಣ್ಣೆಯೂ ಆದೀತು. ಕರ್ಪೂರ ಮಾತ್ರ ಬೇಡವೇ ಬೇಡ. ಘಮ ಬರುತ್ತದೆ ಅಂತ ಹಾಕುತ್ತಾರೆ, ಆಮೇಲೆ ಅದೇ ಎಣ್ಣೆ ಕೂಸಿನ ನೆತ್ತಿಗೂ ಹೋಗುತ್ತದೆ. ಕರ್ಪೂರ ಸಣ್ಣ ಮಕ್ಕಳಿಗೆ ಫಿಟ್ಸ್ ತರಿಸಬಲ್ಲದು.

ಈಗ ಕಾಯಿಸುವುದು. ಕೈಕೊಡುವುದು ಇಲ್ಲೇ.

ದಪ್ಪ ತಳದ ಉರುಳಿ ಅಥವಾ ಸ್ಟೀಲ್ ಬಾಣಲೆ ತೆಗೆದುಕೊಳ್ಳಿ. ಎಲ್ಲ ಸುರಿದ ಮೇಲೂ ಅರ್ಧಕ್ಕಿಂತ ಕೆಳಗಿರಬೇಕು, ಯಾಕೆಂದರೆ ಉಕ್ಕುತ್ತದೆ. ಸಣ್ಣ ಉರಿ. ಎರಡು ಗಂಟೆ ಹಿಡಿಯುತ್ತದೆ ಅಂತ ಲೆಕ್ಕ ಇಟ್ಟುಕೊಂಡೇ ಕೂತುಕೊಳ್ಳಿ. ಮೊದಲ ಒಂದು ಗಂಟೆ ಏನೂ ಇಲ್ಲ, ಸಾರಿನ ಹಾಗೆ ಕುದಿಯುತ್ತದೆ, ಹಸಿ ಸೊಪ್ಪಿನ ವಾಸನೆ ಬರುತ್ತದೆ. ಆಗಾಗ ಸಟ್ಟುಗದಲ್ಲಿ ತಳ ಕೆರೆಯುತ್ತಿದ್ದರೆ ಸಾಕು.

ಆಮೇಲೆ ಗುಳ್ಳೆ ಸಣ್ಣದಾಗುತ್ತದೆ, ಆವಿ ಕಮ್ಮಿಯಾಗುತ್ತದೆ. ಇಲ್ಲಿಂದ ಒಲೆ ಬಿಟ್ಟು ಏಳಬೇಡಿ, ಫೋನ್ ಬಂದರೂ ಸರಿ. ತಳದ ಚರಟವನ್ನು ಚಮಚದ ತುದಿಯಲ್ಲಿ ತೆಗೆದು, ಆರಿಸಿ, ಬೆರಳಲ್ಲಿ ತಿಕ್ಕಿ ನೋಡಿ. ಕೆಸರಿನ ಹಾಗೆ ಅಂಟಿದರೆ ನೀರು ಇನ್ನೂ ಇದೆ. ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಮೇಣದ ಹಾಗಾಗಿ, ಎರಡು ಬೆರಳ ನಡುವೆ ಹೊಸೆದರೆ ಬತ್ತಿ ಬರುತ್ತದೆ. ಆ ಬತ್ತಿಯನ್ನು ಬಾಣಲೆಯಿಂದ ದೂರ ಹೋಗಿ ದೀಪದ ಕುಡಿಗೆ ಹಿಡಿಯಿರಿ. ಚಟಚಟ ಅಂದರೆ ನೀರು ಉಳಿದಿದೆ. ಸದ್ದಿಲ್ಲದೆ ಉರಿದರೆ ಆಯಿತು. ಅದೇ ಹೊತ್ತಿಗೆ ಎಣ್ಣೆಯ ಮೇಲೆ ಸಣ್ಣ ನೊರೆ ಏಳುತ್ತದೆ. ಉಕ್ಕಿತು ಅಂತ ಗಾಬರಿಯಾಗಿ ನೀರು ಚಿಮುಕಿಸಿದವರನ್ನು ನೋಡಿದ್ದೇನೆ, ಎಣ್ಣೆ ಸಿಡಿದು ಮುಂಗೈ ಸುಟ್ಟಿತು. ನೊರೆ ಎದ್ದರೆ ಎಣ್ಣೆ ಹದಕ್ಕೆ ಬಂತು ಅಂತ. ತುಪ್ಪ ಕಾಯಿಸುವವರಿಗೆ ಇದು ಉಲ್ಟಾ, ಅಲ್ಲಿ ನೊರೆ ಇಳಿದರೆ ಹದ.

ಬತ್ತಿ ಬರುವುದಕ್ಕೂ ಚರಟ ಮರಳು ಮರಳಾಗುವುದಕ್ಕೂ ನಡುವೆ ನಾಲ್ಕೈದು ನಿಮಿಷ ಸಿಗುತ್ತದೆ. ಅಲ್ಲೇ ಇಳಿಸಬೇಕು. ಚರಟ ಕಪ್ಪಾಗಿ ಹೊಗೆ ವಾಸನೆ ಬಂತೋ, ಆ ಎಣ್ಣೆ ಬಾಗಿಲ ಕೀಲಿಗೆ.

ಇಳಿಸಿ ಹಾಗೇ ಬಿಟ್ಟರೂ ಕೆಡುತ್ತದೆ. ದಪ್ಪ ಪಾತ್ರೆಯ ಬಿಸಿಗೆ ಒಲೆ ಆರಿಸಿದ ಮೇಲೂ ಅದು ಕಾಯುತ್ತಲೇ ಇರುತ್ತದೆ. ತಕ್ಷಣ ಒಣಗಿದ ಇನ್ನೊಂದು ಸ್ಟೀಲ್ ಪಾತ್ರೆಗೆ ಬಟ್ಟೆಯಲ್ಲಿ ಸೋಸಿ. ಬಟ್ಟೆ ತಣಿದ ಮೇಲೆ ಹಿಂಡಿದ ಎಣ್ಣೆಯನ್ನು ಬೇರೆ ಇಟ್ಟು ಮೊದಲು ಅದನ್ನೇ ಖರ್ಚು ಮಾಡಿ. ಅದರಲ್ಲಿ ಚರಟ, ಪಸೆ ಉಳಿದಿರುತ್ತದೆ. ಬಿಸಿಲಲ್ಲಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ. ಒದ್ದೆ ಚಮಚ ಹಾಕದಿದ್ದರೆ ಆರು ತಿಂಗಳು ನನ್ನದು ಕೆಟ್ಟಿಲ್ಲ.

ಪುಡಿ ತಂದು ಬಿಸಿ ಎಣ್ಣೆಗೆ ಕಲಸಿಬಿಡುವ ಅಡ್ಡದಾರಿಯೂ ಇದೆ. ಮಾಡಿ ನೋಡಿದ್ದೇನೆ. ತಲೆಯಲ್ಲಿ ಮಣ್ಣು ಉಳಿಯಿತು, ಅಷ್ಟೆ.

ಹಚ್ಚುವುದು ಸುಲಭ. ಮಲಗುವ ಒಂದು ಗಂಟೆ ಮೊದಲು, ಒಂದು ಚಮಚ ಬೆಚ್ಚಗಿನ ಎಣ್ಣೆ, ನೆತ್ತಿ, ಕಪಾಲ, ಕುತ್ತಿಗೆಯ ಹಿಂಭಾಗ. ಉಳಿದದ್ದು ಅಂಗಾಲಿಗೆ. ಒರೆಸಿಕೊಂಡೇ ಏಳಿ, ಬಚ್ಚಲಲ್ಲಿ ಜಾರೀತು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ತಿಕ್ಕುವಾಗ ನಾಲ್ಕು ಎಣಿಸುವಷ್ಟು ಉಸಿರು ತೆಗೆದುಕೊಂಡು, ಆರು ಎಣಿಸುತ್ತ ಬಿಡಿ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಕೆಲಸ ಅದು.

ಇನ್ನು ಹಗಲಿನ ಕತೆ. ಸಂಜೆ 5ಕ್ಕೆ ಸ್ಟ್ರಾಂಗ್ ಕಾಫಿ ಕುಡಿದು ರಾತ್ರಿ ಎಣ್ಣೆ ತಿಕ್ಕಿದರೆ ಏನು ಬಂತು? ಐದಾರು ಗಂಟೆ ಕಳೆದರೂ ಅದರ ಕೆಫೀನ್‌ನಲ್ಲಿ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಮಧ್ಯಾಹ್ನ 2ಕ್ಕೆ ಕೊನೆಯ ಲೋಟ ಮುಗಿಸಿ. ಭಾನುವಾರವೂ ಅದೇ ಹೊತ್ತಿಗೆ ಎದ್ದು ಬೆಳಗಿನ ಬೆಳಕಲ್ಲಿ ಅರ್ಧ ಗಂಟೆ ನಡೆಯಿರಿ. ವಾರಕ್ಕೆ ಎರಡು ಸಲ ತಂಬುಳಿ: ಒಂದು ಹಿಡಿ ಸೊಪ್ಪು, ಜೀರಿಗೆ, ಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜತೆ ಅರೆದು ಮಜ್ಜಿಗೆಗೆ ಹಾಕಿ.

ಕಾಲು ಜುಮ್ಮೆನ್ನುವುದು, ಅಂಗಾಲು ಉರಿ, ಚಪ್ಪಲಿ ಜಾರಿದರೂ ಗೊತ್ತಾಗದಿರುವುದು ಇದ್ದರೆ ಎಣ್ಣೆ ಬದಿಗಿಟ್ಟು ಸಕ್ಕರೆ ಮತ್ತು ಬಿ12 ರಕ್ತಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಜಾಸ್ತಿ, ಅದು ಯಾವ ಸೊಪ್ಪಿನಿಂದಲೂ ತುಂಬುವುದಿಲ್ಲ. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ನೇರ ಆಸ್ಪತ್ರೆಗೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ಸುಮಾರು ನಾಲ್ಕೂವರೆ ಗಂಟೆ. ಆಗ ಎಣ್ಣೆ ತಿಕ್ಕುತ್ತ ಕೂರಬೇಡಿ. ಫಿಟ್ಸ್ ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಒಂದೆಲಗ, ಅಶ್ವಗಂಧದ ಮಾತ್ರೆ, ಚೂರ್ಣ ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಿ. ಥೈರಾಯ್ಡ್, ಲಿವರ್ ತೊಂದರೆ ಇದ್ದವರಿಗೆ ಅಶ್ವಗಂಧ ಆಗಿಬರುವುದಿಲ್ಲ.

ಪಕ್ಕದ ಮನೆಯವಳು ಮತ್ತೆ ಮಾಡಿದಳು, ಈ ಸಲ ನನ್ನ ಅಡುಗೆಮನೆಯಲ್ಲೇ. ಬತ್ತಿ ಮೂರು ಸಲ ಚಟಚಟ ಅಂತು, ನಾಲ್ಕನೆಯ ಸಲ ಸುಮ್ಮನೆ ಉರಿಯಿತು. ಮರುದಿನ ಬೆಳಿಗ್ಗೆ ಬಂದಿದ್ದು ದಿಂಬಿನ ಕವರ್ ತೋರಿಸಲಿಕ್ಕೆ. ಅದನ್ನು ಹೇಳಲು ಮರೆತಿದ್ದೆ: ಹಳೆಯ ಪಂಚೆಯ ತುಂಡು ಹಾಸಿಕೊಂಡು ಮಲಗಿ, ಈ ಹಸಿರು ಕಲೆ ಯಾವ ಸೋಪಿಗೂ ಹೋಗುವುದಿಲ್ಲ.